ಹತ್ತಕ್ಕೆ ಹೊರಟು ಹತ್ತು ಇಪ್ಪತ್ತಕ್ಕೆ ತಲುಪುವ ವಿಮಾನ

ಸಹೋದರಿಯರೇ, ನಿಮ್ಮ ಕೈಯಲ್ಲಿ ಎರಡು ವಿಮಾನ ಟಿಕೆಟ್‌ಗಳಿವೆ ಎಂದಿಟ್ಟುಕೊಳ್ಳಿ. ಒಂದು ಲಂಡನ್‌ನಿಂದ ಪ್ಯಾರಿಸ್‌ಗೆ ಹೋಗುವುದು, ಇನ್ನೊಂದು ಪ್ಯಾರಿಸ್‌ನಿಂದ ಲಂಡನ್‌ಗೆ ಮರಳುವುದು. ಹೋಗುವ ಟಿಕೆಟ್‌ನಲ್ಲಿ ಹೊರಡುವ ಸಮಯ ಬೆಳಿಗ್ಗೆ 10.00, ತಲುಪುವ ಸಮಯ ಮಧ್ಯಾಹ್ನ 12.20. ಮರಳುವ ಟಿಕೆಟ್‌ನಲ್ಲಿ ಹೊರಡುವುದು ಬೆಳಿಗ್ಗೆ 10.00ಕ್ಕೆ, ತಲುಪುವುದು 10.20ಕ್ಕೆ. ಹೋಗಲು ಎರಡು ಗಂಟೆ ಇಪ್ಪತ್ತು ನಿಮಿಷ, ಬರಲು ಬರೇ ಇಪ್ಪತ್ತು ನಿಮಿಷವೇ? ಮುದ್ರಣದ ತಪ್ಪೆಂದು ಯಾರಿಗಾದರೂ ಅನಿಸಬಹುದು.

ತಪ್ಪೇನೂ ಇಲ್ಲ. ಎರಡೂ ಪ್ರಯಾಣಗಳ ಅವಧಿ ಒಂದೇ, ಒಂದು ಗಂಟೆ ಇಪ್ಪತ್ತು ನಿಮಿಷ. ಪ್ಯಾರಿಸ್‌ನ ಗಡಿಯಾರ ಲಂಡನ್‌ನ ಗಡಿಯಾರಕ್ಕಿಂತ ಯಾವಾಗಲೂ ಒಂದು ಗಂಟೆ ಮುಂದಿರುತ್ತದೆ. ಟಿಕೆಟ್‌ನಲ್ಲಿ ಹೊರಡುವ ಊರಿನ ಮುಂದೆ ಆ ಊರಿನ ಸಮಯ, ತಲುಪುವ ಊರಿನ ಮುಂದೆ ತಲುಪುವ ಊರಿನ ಸಮಯ ಬರೆದಿರುತ್ತಾರೆ. ಒಂದರಿಂದ ಇನ್ನೊಂದನ್ನು ಹಾಗೆಯೇ ಕಳೆದರೆ ಲೆಕ್ಕ ತಪ್ಪುತ್ತದೆ. ಮೊದಲು ಎರಡೂ ಗಡಿಯಾರಗಳನ್ನು ಸಮ ಮಾಡಿಕೊಳ್ಳಬೇಕು, ಆಮೇಲೆ ಕಳೆಯಬೇಕು.

ನಮ್ಮ ಭಾರತದ ಸಮಯಕ್ಕೆ ಹೊಂದಿಸುವುದು ಇನ್ನೂ ಸ್ವಲ್ಪ ತೊಡಕು. ಯುರೋಪಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಅಕ್ಟೋಬರ್‌ನ ಕೊನೆಯ ಭಾನುವಾರ ಹಿಂದಕ್ಕೆ ತರುತ್ತಾರೆ. ಹಾಗಾಗಿ ಪ್ಯಾರಿಸ್ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಮಗಳು 12.20ಕ್ಕೆ ಪ್ಯಾರಿಸ್‌ನಲ್ಲಿ ಇಳಿಯುತ್ತಾಳೆ ಎಂದರೆ ಮಂಗಳೂರಿನ ಗೋಡೆ ಗಡಿಯಾರದಲ್ಲಿ ಆಗ ಬೇಸಿಗೆಯಾದರೆ ಸಂಜೆ 3.50, ಚಳಿಗಾಲವಾದರೆ 4.50. ಇದು ಗೊತ್ತಿಲ್ಲದೆ ಒಂದು ಗಂಟೆ ಫೋನ್ ಹಿಡಿದು ಕುಳಿತು ಆತಂಕ ಪಡುವ ತಾಯಂದಿರು ಎಷ್ಟು ಮಂದಿ! ರಾತ್ರಿ ಹೊರಡುವ ವಿಮಾನವಾದರೆ ತಲುಪುವ ಸಮಯದ ಪಕ್ಕದಲ್ಲಿ ಸಣ್ಣದಾಗಿ ಕೂಡಿಸುವ ಚಿಹ್ನೆಯೂ ಒಂದು ಅಂಕಿಯೂ ಇರುತ್ತದೆ. ಮರುದಿನ ತಲುಪುವುದು ಎಂದು ಅದರ ಅರ್ಥ. ಆ ಸಣ್ಣ ಅಂಕಿಯನ್ನು ಕಾಣದೆ ಕರೆದೊಯ್ಯಲು ಹಿಂದಿನ ದಿನವೇ ವಿಮಾನ ನಿಲ್ದಾಣಕ್ಕೆ ಹೋಗಿ ನಿಲ್ಲುವವರೂ ಇದ್ದಾರೆ.

ಇನ್ನು ದೂರದ ವಿಷಯ. ಲಂಡನ್‌ನ ಹೀತ್ರೂ ವಿಮಾನ ನಿಲ್ದಾಣದಿಂದ ಪ್ಯಾರಿಸ್‌ನ ಚಾರ್ಲ್ಸ್ ಡಿ ಗಾಲ್ ವಿಮಾನ ನಿಲ್ದಾಣಕ್ಕೆ ಸುಮಾರು 350 ಕಿಲೋಮೀಟರ್. ಮಂಗಳೂರಿನಿಂದ ಬೆಂಗಳೂರಿಗೆ ಆಕಾಶ ಮಾರ್ಗದಲ್ಲಿ 300 ಕಿಲೋಮೀಟರ್‌ಗಿಂತ ತುಸು ಹೆಚ್ಚು. ಅಂದರೆ ಎರಡು ದೊಡ್ಡ ದೇಶಗಳ ರಾಜಧಾನಿಗಳ ನಡುವಿನ ಅಂತರ ನಮ್ಮ ರಾಜ್ಯದೊಳಗಿನ ಒಂದು ಪ್ರಯಾಣಕ್ಕಿಂತ ಬಹಳ ದೊಡ್ಡದೇನೂ ಅಲ್ಲ. ಈ ದೂರವನ್ನು ಅಳೆಯುವ ರೀತಿ ಸರಳವಾದದ್ದು. ಮಕ್ಕಳ ಮೇಜಿನ ಮೇಲಿರುವ ಗ್ಲೋಬ್ ತೆಗೆದುಕೊಂಡು ಎರಡು ಊರುಗಳ ಮೇಲೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಭೂಮಿಯ ದುಂಡಗಿನ ಮೈಮೇಲೆ ಆ ದಾರ ಹಿಡಿಯುವ ದಾರಿಯೇ ಅತ್ಯಂತ ಹತ್ತಿರದ ದಾರಿ. ವಿಮಾನ ನಿಲ್ದಾಣಗಳ ನಡುವಿನ ದೂರ ಎಂದು ಹೇಳುವುದು ಇದನ್ನೇ. ಈ ದಾರದ ಮಾತನ್ನು ನೆನಪಿಡಿ, ಮುಂದೆ ಹಣದ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ.

ಗಂಟೆಗೆ 800 ಕಿಲೋಮೀಟರ್ ವೇಗದಲ್ಲಿ ಹಾರಬಲ್ಲ ಜೆಟ್ ವಿಮಾನಕ್ಕೆ 350 ಕಿಲೋಮೀಟರ್ ಅರ್ಧ ಗಂಟೆಯ ಕೆಲಸವೂ ಅಲ್ಲ. ಹಾಗಾದರೆ ಟಿಕೆಟ್‌ನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ ಎಂದು ಏಕೆ ಬರೆಯುತ್ತಾರೆ?

ಟಿಕೆಟ್‌ನಲ್ಲಿರುವುದು ಹಾರಾಟದ ಸಮಯವಲ್ಲ. ವಿಮಾನ ನಿಂತ ಜಾಗದಿಂದ ಅದರ ಚಕ್ರ ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ತನ್ನ ಜಾಗಕ್ಕೆ ಬಂದು ಚಕ್ರ ನಿಲ್ಲುವವರೆಗಿನ ಸಮಯ ಅದು. ಹೀತ್ರೂವಿನಲ್ಲಿ ಇರುವುದು ಎರಡೇ ರನ್‌ವೇ. ವರ್ಷಕ್ಕೆ 4,80,000 ಹಾರಾಟಗಳ ಮಿತಿ ಹಾಕಿದ್ದಾರೆ, ಆ ಮಿತಿಯ ಅಂಚಿನಲ್ಲೇ ನಿಲ್ದಾಣ ನಡೆಯುತ್ತಿರುತ್ತದೆ. ಹಾಗಾಗಿ ಹೊರಟ ವಿಮಾನ ರನ್‌ವೇ ತುದಿಯಲ್ಲಿ ಸರದಿಯಲ್ಲಿ ನಿಲ್ಲಬೇಕು. ಇಳಿಯಲು ಬರುವ ವಿಮಾನಗಳನ್ನು ಲಂಡನ್ ಸುತ್ತಲಿನ ನಾಲ್ಕು ನಿಗದಿತ ಸ್ಥಳಗಳ ಮೇಲೆ, ಒಂದರ ಮೇಲೊಂದು ಎತ್ತರದಲ್ಲಿ ಸುತ್ತು ಹಾಕಿಸಿ ಕಾಯಿಸುವುದೂ ಉಂಟು. ಕಿಟಕಿಯಲ್ಲಿ ಅದೇ ನದಿ, ಅದೇ ಊರು ಮತ್ತೆ ಮತ್ತೆ ಕಂಡರೆ ಹೆದರಬೇಡಿ, ವಿಮಾನ ದಾರಿ ತಪ್ಪಿಲ್ಲ, ಸರದಿಯಲ್ಲಿದೆ ಅಷ್ಟೆ. ಪ್ಯಾರಿಸ್‌ನ ನಿಲ್ದಾಣದಲ್ಲಿ ನಾಲ್ಕು ರನ್‌ವೇಗಳಿವೆ, ಆದರೆ ನಿಲ್ದಾಣವೇ ಒಂದು ಪಟ್ಟಣದಷ್ಟು ವಿಶಾಲ. ಇಳಿದ ಮೇಲೆ ನೆಲದಲ್ಲೇ ಹತ್ತು ನಿಮಿಷ ಓಡಾಡಿ ತನ್ನ ಬಾಗಿಲಿಗೆ ಬರಬೇಕಾಗಬಹುದು. ಇವೆಲ್ಲ ಕಳೆದರೆ ನಿಜವಾಗಿ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯ ಆಸುಪಾಸು. ಚಹಾದ ಲೋಟ ಕೈಗೆ ಬರುವಷ್ಟರಲ್ಲಿ ಸೀಟು ಬೆಲ್ಟ್ ಕಟ್ಟಿಕೊಳ್ಳಿ ಎಂಬ ಸೂಚನೆಯೂ ಬರುತ್ತದೆ.

ಕಂಪೆನಿಗಳು ಈ ವೇಳಾಪಟ್ಟಿಯಲ್ಲಿ ಒಂದಿಷ್ಟು ನಿಮಿಷಗಳನ್ನು ಕೈಯಲ್ಲಿ ಇಟ್ಟುಕೊಂಡೇ ಬರೆಯುತ್ತವೆ. ಸ್ವಲ್ಪ ತಡವಾಗಿ ಹೊರಟರೂ ಸಮಯಕ್ಕೆ ತಲುಪಿದೆವು ಎಂದು ಹೇಳಿಕೊಳ್ಳಬಹುದಲ್ಲ! ಜಾಣತನವೇನೋ ಹೌದು, ಪ್ರಯಾಣಿಕರಿಗೆ ಅದರಿಂದ ನಷ್ಟವೂ ಇಲ್ಲ.

ಮುಕ್ಕಾಲು ಗಂಟೆಯೇ ಕಡಿಮೆಯಾಯಿತು ಎನ್ನುವವರು ಸ್ಕಾಟ್ಲೆಂಡಿನ ಉತ್ತರದ ಓರ್ಕ್ನಿ ದ್ವೀಪಗಳನ್ನು ನೋಡಬೇಕು. ಅಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ಪುಟ್ಟ ದ್ವೀಪಗಳ ನಡುವೆ 1967ರಿಂದ ವಿಮಾನ ಓಡಾಡುತ್ತಿದೆ. ದೂರ 2.7 ಕಿಲೋಮೀಟರ್! ಜಗತ್ತಿನ ಅತ್ಯಂತ ಚಿಕ್ಕ ವಿಮಾನ ಪ್ರಯಾಣ ಅದು. ವೇಳಾಪಟ್ಟಿಯಲ್ಲಿ ಎರಡು ನಿಮಿಷ ಎಂದಿದೆ, ಗಾಳಿ ಅನುಕೂಲವಾಗಿದ್ದ ಒಂದು ದಿನ 53 ಸೆಕೆಂಡುಗಳಲ್ಲಿ ಮುಗಿದದ್ದು ದಾಖಲೆ. ನಮ್ಮಲ್ಲಿ ಹೊಳೆ ದಾಟಲು ದೋಣಿ ಹತ್ತುವ ಹಾಗೆ ಅವರು ವಿಮಾನ ಹತ್ತುತ್ತಾರೆ.

ಲಂಡನ್–ಪ್ಯಾರಿಸ್ ದಾರಿಗೆ ಒಂದು ಇತಿಹಾಸವೂ ಇದೆ. ಲೂಯಿ ಬ್ಲೆರಿಯೋ ಎಂಬ ಫ್ರೆಂಚ್ ಸಾಹಸಿ ಇಂಗ್ಲಿಷ್ ಕಾಲುವೆಯನ್ನು ಮೊದಲ ಬಾರಿಗೆ ವಿಮಾನದಲ್ಲಿ ದಾಟಿದ್ದು 1909ರ ಜುಲೈ 25ರಂದು. ಹತ್ತೇ ವರ್ಷಗಳ ನಂತರ, 1919ರ ಆಗಸ್ಟ್ 25ರಂದು, ಈ ಎರಡು ನಗರಗಳ ನಡುವೆ ದಿನನಿತ್ಯದ ವಿಮಾನ ಸಂಚಾರ ಆರಂಭವಾಯಿತು. ಇಂದಿನ ಹೀತ್ರೂವಿಗೆ ಬಹಳ ಹತ್ತಿರದ ಹೌನ್ಸ್ಲೋ ಹೀತ್ ಎಂಬ ಮೈದಾನದಿಂದ ಹೊರಟ ಆ ಮೊದಲ ವಿಮಾನದಲ್ಲಿ ಇದ್ದದ್ದು ಒಬ್ಬನೇ ಪ್ರಯಾಣಿಕ. ಉಳಿದ ಜಾಗದಲ್ಲಿ ದಿನಪತ್ರಿಕೆಗಳು, ಚರ್ಮ, ಹಾಲಿನ ಕೆನೆ ಮತ್ತು ಬೇಟೆಯಾಡಿದ ಹಕ್ಕಿಗಳು! ಒಂದು ಕಡೆಯ ಪ್ರಯಾಣಕ್ಕೆ 21 ಪೌಂಡ್, ಆ ಕಾಲಕ್ಕೆ ಸಾಮಾನ್ಯರು ಕನಸಿನಲ್ಲೂ ನೆನೆಯಲಾಗದ ಹಣ. ತಲುಪಲು ಸುಮಾರು ಎರಡೂವರೆ ಗಂಟೆ.

ಆಗ ಪೈಲಟ್‌ಗಳಿಗೆ ದಾರಿ ತೋರಿಸಲು ಯಂತ್ರಗಳಿರಲಿಲ್ಲ. ಕೆಳಗೆ ಕಾಣುವ ರಸ್ತೆ, ನದಿ, ರೈಲು ಹಳಿಗಳನ್ನು ನೋಡಿಕೊಂಡು ಹಾರುತ್ತಿದ್ದರು. 1922ರ ಏಪ್ರಿಲ್ 7ರಂದು ಉತ್ತರ ಫ್ರಾನ್ಸ್‌ನ ಪಿಕಾರ್ಡಿ ಪ್ರದೇಶದಲ್ಲಿ ಮಂಜು ಕವಿದಿತ್ತು. ಲಂಡನ್ ಕಡೆಯಿಂದ ಬರುತ್ತಿದ್ದ ವಿಮಾನ ಮತ್ತು ಪ್ಯಾರಿಸ್ ಕಡೆಯಿಂದ ಬರುತ್ತಿದ್ದ ವಿಮಾನ ಒಂದೇ ದಾರಿಯಲ್ಲಿ ಎದುರುಬದುರಾಗಿ ಡಿಕ್ಕಿಯಾದವು. ಏಳು ಮಂದಿ ತೀರಿಕೊಂಡರು. ಪ್ರಯಾಣಿಕ ವಿಮಾನಗಳು ಆಕಾಶದಲ್ಲಿ ಡಿಕ್ಕಿಯಾದ ಮೊದಲ ಘಟನೆ ಅದು. ಹೋಗುವವರಿಗೂ ಬರುವವರಿಗೂ ಬೇರೆ ಬೇರೆ ದಾರಿ ಇರಬೇಕು, ನೆಲದಿಂದ ರೇಡಿಯೊ ಮೂಲಕ ಸೂಚನೆ ಕೊಡಬೇಕು ಎಂಬ ಒತ್ತಾಯ ಬಲವಾದದ್ದು ಆ ಬಳಿಕ. ಇಂದು ವಿಮಾನ ದಾರ ಎಳೆದಂತೆ ನೇರವಾಗಿ ಹಾರದೆ ಅಲ್ಲಿ ತಿರುಗಿ ಇಲ್ಲಿ ತಿರುಗಿ ಹೋಗುವುದರ ಹಿಂದೆ ಇಂಥ ಪ್ರಾಣಗಳ ಬೆಲೆಯಿದೆ. ಹತ್ತು ನಿಮಿಷ ತಡವಾಯಿತೆಂದು ಗೊಣಗುವವರಿಗೆ ಇದು ಗೊತ್ತಿರುವುದಿಲ್ಲ.

ಈಗ ನಮ್ಮ ಮನೆಗಳಿಗೆ ಹತ್ತಿರವಾದ ವಿಷಯಕ್ಕೆ ಬರೋಣ. ಮಕ್ಕಳು ಓದಲೆಂದೋ ಉದ್ಯೋಗಕ್ಕೆಂದೋ ಯುರೋಪಿಗೆ ಹೋಗುವುದು ಈಗ ಅಪರೂಪವಲ್ಲ. ಮಗಳ ಹೆರಿಗೆಗೆಂದು ಉಮ್ಮ ಒಬ್ಬರೇ ವಿಮಾನ ಹತ್ತುತ್ತಾರೆ. ಬೆಂಗಳೂರಿನಿಂದ ಲಂಡನ್, ಅಲ್ಲಿಂದ ಪ್ಯಾರಿಸ್. 'ಲಂಡನ್‌ನಿಂದ ಬರೇ ಒಂದು ಗಂಟೆ ಇಪ್ಪತ್ತು ನಿಮಿಷವಲ್ಲವೇ' ಎಂದು ಮಗ ಧೈರ್ಯ ಹೇಳಿ ಕಳುಹಿಸುತ್ತಾನೆ. ಆ ಒಂದು ಗಂಟೆ ಇಪ್ಪತ್ತು ನಿಮಿಷ ಸುಲಭದ್ದೇ. ಕಷ್ಟವಿರುವುದು ಅದಕ್ಕಿಂತ ಮುಂಚೆ.

ಲಂಡನ್ ಎಂಬ ಹೆಸರಿನಲ್ಲಿ ಒಂದಲ್ಲ, ಆರು ವಿಮಾನ ನಿಲ್ದಾಣಗಳಿವೆ. ಹೀತ್ರೂ, ಗ್ಯಾಟ್ವಿಕ್, ಸ್ಟಾನ್‌ಸ್ಟೆಡ್, ಲೂಟನ್, ಸಿಟಿ ಮತ್ತು ಸೌತೆಂಡ್. ಹೀತ್ರೂವಿನಲ್ಲಿ ಇಳಿದು ಗ್ಯಾಟ್ವಿಕ್‌ನಲ್ಲಿ ಹತ್ತಬೇಕಾದರೆ ನಡುವೆ 60 ಕಿಲೋಮೀಟರ್‌ಗೂ ಹೆಚ್ಚಿನ ರಸ್ತೆ ಪ್ರಯಾಣವಿದೆ, ಸಾಮಾನು ಹೊತ್ತುಕೊಂಡು. ಅಷ್ಟೇ ಅಲ್ಲ, ನಿಲ್ದಾಣದಿಂದ ಹೊರಗೆ ಕಾಲಿಡುವುದೆಂದರೆ ಬ್ರಿಟನ್ ದೇಶದೊಳಗೆ ಹೋದಂತೆ. ಅದಕ್ಕೆ ಬ್ರಿಟನ್‌ನ ವೀಸಾ ಬೇಕು. ಪಾಸ್‌ಪೋರ್ಟ್‌ನಲ್ಲಿ ಫ್ರಾನ್ಸ್‌ನ ಷೆಂಗನ್ ವೀಸಾ ಇದ್ದರೆ ಅದು ಬ್ರಿಟನ್‌ಗೆ ನಡೆಯುವುದಿಲ್ಲ, ಬ್ರಿಟನ್‌ನದ್ದು ಫ್ರಾನ್ಸ್‌ಗೆ ನಡೆಯುವುದಿಲ್ಲ. ಹೊರಗೆ ಹೋಗದೆ ಒಳಗಿನಿಂದಲೇ ವಿಮಾನ ಬದಲಾಯಿಸುವವರಿಗೂ ಕೆಲವೊಮ್ಮೆ ಬೇರೆ ಅನುಮತಿ ಬೇಕಾಗುತ್ತದೆ. ಈ ನಿಯಮಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ಟಿಕೆಟ್‌ಗೆ ಹಣ ಕೊಡುವ ಮುನ್ನವೇ ವಿಚಾರಿಸಬೇಕು, ಕೊಟ್ಟ ಮೇಲಲ್ಲ.

ಪ್ಯಾರಿಸ್ ಕಥೆಯೂ ಹೀಗೆಯೇ. ಚಾರ್ಲ್ಸ್ ಡಿ ಗಾಲ್ ನಗರದ ಈಶಾನ್ಯಕ್ಕೆ ಸುಮಾರು 25 ಕಿಲೋಮೀಟರ್, ಓರ್ಲಿ ದಕ್ಷಿಣಕ್ಕಿದೆ. ಅಗ್ಗದ ಟಿಕೆಟ್ ಮಾರುವ ಕೆಲವು ಕಂಪೆನಿಗಳ 'ಪ್ಯಾರಿಸ್' ಎಂದರೆ ಬೊವೆ ಎಂಬ ಊರು, ಪ್ಯಾರಿಸ್‌ನಿಂದ 80 ಕಿಲೋಮೀಟರ್‌ಗೂ ದೂರ. ಜರ್ಮನಿಯಲ್ಲಿ 'ಫ್ರಾಂಕ್‌ಫರ್ಟ್ ಹಾನ್' ಎಂಬ ನಿಲ್ದಾಣ ಫ್ರಾಂಕ್‌ಫರ್ಟ್ ನಗರದಿಂದ 120 ಕಿಲೋಮೀಟರ್ ಆಚೆ ಇದೆ. ಉಡುಪಿಯಲ್ಲಿ ಇಳಿಸಿ ಕಾಸರಗೋಡು ಬಂತು ಎಂದ ಹಾಗಾಯಿತು! ಟಿಕೆಟ್‌ನಲ್ಲಿ ಊರಿನ ಹೆಸರಿನ ಪಕ್ಕ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆ. ಹೀತ್ರೂವಿಗೆ ಎಲ್‌ಎಚ್‌ಆರ್, ಚಾರ್ಲ್ಸ್ ಡಿ ಗಾಲ್‌ಗೆ ಸಿಡಿಜಿ, ಓರ್ಲಿಗೆ ಓಆರ್‌ವೈ. ಊರಿನ ಹೆಸರು ನಿಮ್ಮನ್ನು ದಾರಿ ತಪ್ಪಿಸಬಹುದು, ಈ ಮೂರು ಅಕ್ಷರಗಳು ತಪ್ಪಿಸುವುದಿಲ್ಲ. ಇಳಿಯುವ ನಿಲ್ದಾಣದ ಅಕ್ಷರಗಳೂ ಮುಂದಿನ ವಿಮಾನ ಹತ್ತುವ ನಿಲ್ದಾಣದ ಅಕ್ಷರಗಳೂ ಒಂದೇ ಆಗಿವೆಯೇ ಎಂದು ಬೆರಳಿಟ್ಟು ನೋಡಿ.

ಇನ್ನೊಂದು ಮಾತು. ಬೆಂಗಳೂರು–ಲಂಡನ್ ಒಂದು ಟಿಕೆಟ್, ಲಂಡನ್–ಪ್ಯಾರಿಸ್ ಬೇರೊಂದು ಟಿಕೆಟ್ ಎಂದು ತೆಗೆದರೆ ಕೆಲವು ಸಾವಿರ ರೂಪಾಯಿ ಉಳಿಯುವುದು ನಿಜ. ಆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಕಂಪೆನಿಗೆ ಯಾವ ಹೊಣೆಯೂ ಇಲ್ಲ. ಹೊಸ ಟಿಕೆಟ್ ಕೊಳ್ಳಬೇಕು. ಸಾಮಾನ್ಯವಾಗಿ ಪೆಟ್ಟಿಗೆಗಳೂ ಲಂಡನ್‌ನಲ್ಲೇ ಇಳಿಯುತ್ತವೆ, ಅವನ್ನು ತೆಗೆದುಕೊಳ್ಳಲು ಹೊರಗೆ ಬರಬೇಕು, ಹೊರಗೆ ಬರಲು ಮತ್ತೆ ಅದೇ ವೀಸಾ. ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿದ್ದರೆ ಮುಂದಿನ ವಿಮಾನದಲ್ಲಿ ಕಳುಹಿಸುವುದು ಕಂಪೆನಿಯ ಕರ್ತವ್ಯ. ಇಂಗ್ಲಿಷ್ ಬಾರದ ಉಮ್ಮ ಒಬ್ಬರೇ ಹೋಗುವಾಗ ಆ ಉಳಿತಾಯ ಬೇಡ ಎಂಬುದು ನನ್ನ ಅಭಿಪ್ರಾಯ. ಹೀತ್ರೂವಿನಲ್ಲಿ ಈಗ ನಡೆಯುತ್ತಿರುವ ಟರ್ಮಿನಲ್‌ಗಳೇ ನಾಲ್ಕು. ಒಂದರಿಂದ ಇನ್ನೊಂದಕ್ಕೆ ಬಸ್ಸು ಅಥವಾ ರೈಲಿನಲ್ಲಿ ಹೋಗಿ ಮತ್ತೆ ತಪಾಸಣೆಗೆ ನಿಲ್ಲಬೇಕು. ಎರಡು ವಿಮಾನಗಳ ನಡುವೆ ಮೂರು ಗಂಟೆಯಾದರೂ ಇರಲಿ.

ಮೊಣಕಾಲು ನೋವಿರುವ, ಹೆಚ್ಚು ನಡೆಯಲಾಗದ ಹಿರಿಯರಿಗೆ ಗಾಲಿಕುರ್ಚಿ ಸಹಾಯ ಕೇಳಲು ಸಂಕೋಚ ಬೇಡ. ಯುರೋಪಿಯನ್ ಒಕ್ಕೂಟದ 2006ರ ನಿಯಮದಂತೆ ಅಂಗವಿಕಲರಿಗೂ ವಯಸ್ಸಿನಿಂದಾಗಿ ನಡೆದಾಡಲು ಕಷ್ಟಪಡುವವರಿಗೂ ಈ ಸಹಾಯ ಉಚಿತ. ಹೊರಡುವುದಕ್ಕೆ 48 ಗಂಟೆ ಮುಂಚೆ ಕಂಪೆನಿಗೆ ತಿಳಿಸಿದರೆ ಸಾಕು. ಒಬ್ಬರು ಬಂದು ಒಂದು ವಿಮಾನದ ಬಾಗಿಲಿನಿಂದ ಇನ್ನೊಂದರ ಬಾಗಿಲಿಗೆ ಕರೆದೊಯ್ಯುತ್ತಾರೆ.

ಲಂಡನ್‌ನಲ್ಲೇ ವಾಸವಿರುವವರು ಪ್ಯಾರಿಸ್‌ಗೆ ಹೋಗಲು ವಿಮಾನವನ್ನು ನಂಬಬೇಕಾಗಿಯೂ ಇಲ್ಲ. ಸಮುದ್ರದ ಅಡಿಯಲ್ಲಿ ಕೊರೆದ 50 ಕಿಲೋಮೀಟರ್ ಉದ್ದದ ಸುರಂಗ 1994ರಲ್ಲಿ ತೆರೆಯಿತು. ಅದರೊಳಗೆ ಹೋಗುವ ಯೂರೋಸ್ಟಾರ್ ರೈಲು ಲಂಡನ್ ನಗರದ ನಡುವಿನಿಂದ ಹೊರಟು ಎರಡೂಕಾಲು ಗಂಟೆಯ ಆಸುಪಾಸಿನಲ್ಲಿ ಪ್ಯಾರಿಸ್ ನಗರದ ನಡುವೆ ಇಳಿಸುತ್ತದೆ. ಕಾಗದದ ಮೇಲೆ ವಿಮಾನವೇ ಬೇಗ. ಆದರೆ ಮನೆಯಿಂದ ಹೀತ್ರೂವಿಗೆ ಒಂದು ಗಂಟೆ, ಅಲ್ಲಿ ಎರಡು ಗಂಟೆ ಮುಂಚಿತ ಹಾಜರಿ, ವಿಮಾನದ ಒಂದು ಗಂಟೆ ಇಪ್ಪತ್ತು ನಿಮಿಷ, ಪಾಸ್‌ಪೋರ್ಟ್ ಸಾಲು ಮತ್ತು ಪೆಟ್ಟಿಗೆಗೆ ಮುಕ್ಕಾಲು ಗಂಟೆ, ನಗರಕ್ಕೆ ರೈಲಿನಲ್ಲಿ ಇನ್ನು ಮುಕ್ಕಾಲು ಗಂಟೆ ಎಂದು ಕೂಡಿಸಿ ನೋಡಿ. ಆರು ಗಂಟೆಗೆ ಹತ್ತಿರ ಬಂತು. ರೈಲಿನದ್ದು ಎಲ್ಲ ಸೇರಿ ನಾಲ್ಕು ಗಂಟೆ ಚಿಲ್ಲರೆ. ಫ್ರಾನ್ಸ್ ತನ್ನ ದೇಶದೊಳಗೆ ಈ ಲೆಕ್ಕವನ್ನು ಕಾನೂನನ್ನೇ ಮಾಡಿತು. ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲುಪಬಹುದಾದ ಊರುಗಳಿಗೆ ವಿಮಾನ ಬೇಡವೆಂದು 2023ರಲ್ಲಿ ಓರ್ಲಿಯಿಂದ ಬೋರ್ಡೊ, ನಾಂಟ್, ಲಿಯೋನ್ ನಗರಗಳ ಹಾರಾಟಗಳನ್ನು ನಿಷೇಧಿಸಿತು.

ಇನ್ನು ಆ ದಾರದ ಮಾತು. ಯುರೋಪಿಯನ್ ಒಕ್ಕೂಟದ ನಿಯಮವೊಂದು 2005ರಿಂದ ಜಾರಿಯಲ್ಲಿದೆ. ಕಂಪೆನಿಯ ತಪ್ಪಿನಿಂದ ವಿಮಾನ ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದರೆ ಪ್ರಯಾಣಿಕರಿಗೆ ಪರಿಹಾರ ಕೊಡಬೇಕು. ತಡಕ್ಕೂ ಪರಿಹಾರವಿದೆ ಎಂದು ಅಲ್ಲಿನ ನ್ಯಾಯಾಲಯ ಹೇಳಿದ್ದು 2009ರಲ್ಲಿ. ಎಷ್ಟು ಹಣ ಎಂಬುದನ್ನು ನಿಲ್ದಾಣಗಳ ನಡುವಿನ ದೂರ ನಿರ್ಧರಿಸುತ್ತದೆ. 1,500 ಕಿಲೋಮೀಟರ್‌ವರೆಗೆ 250 ಯೂರೋ, ಅದಕ್ಕಿಂತ ಮೇಲೆ 3,500ರವರೆಗೆ 400, ಯುರೋಪಿನ ಹೊರಗೆ ಅದಕ್ಕೂ ದೂರವಾದರೆ 600. ಟಿಕೆಟ್ ಎಷ್ಟು ಅಗ್ಗದ್ದು ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ರೋಮ್‌ನಿಂದ ಬ್ರಸೆಲ್ಸ್ ಮೂಲಕ ಹ್ಯಾಂಬರ್ಗ್‌ಗೆ ಹೋದ ಕೆಲವರು ಮೂರು ಗಂಟೆಗೂ ಹೆಚ್ಚು ತಡವಾಗಿ ತಲುಪಿದರು. ತಾವು ಹಾರಿದ್ದು 1,656 ಕಿಲೋಮೀಟರ್, ಹಾಗಾಗಿ 400 ಯೂರೋ ಬೇಕು ಎಂಬುದು ಅವರ ವಾದ. ರೋಮ್‌ನಿಂದ ಹ್ಯಾಂಬರ್ಗ್‌ಗೆ ನೇರವಾಗಿ ದಾರ ಎಳೆದರೆ 1,326 ಕಿಲೋಮೀಟರ್ ಮಾತ್ರ. ನಡುವೆ ಎಲ್ಲಿ ಸುತ್ತಿದರೂ ಮೊದಲ ನಿಲ್ದಾಣದಿಂದ ಕೊನೆಯ ನಿಲ್ದಾಣಕ್ಕಿರುವ ನೇರ ದೂರವೇ ಲೆಕ್ಕ ಎಂದು ಯುರೋಪಿನ ನ್ಯಾಯಾಲಯ 2017ರಲ್ಲಿ ತೀರ್ಪು ಕೊಟ್ಟಿತು. ಅವರಿಗೆ ಸಲ್ಲುವುದು 250 ಯೂರೋ.

ಇದೇ ಲೆಕ್ಕ ನಮ್ಮವರಿಗೆ ಲಾಭವೂ ಆಗುತ್ತದೆ. ಪ್ಯಾರಿಸ್‌ನಿಂದ ಲಂಡನ್ ಮೂಲಕ ಬೆಂಗಳೂರಿಗೆ ಒಂದೇ ಟಿಕೆಟ್ ಇದ್ದು, ಮೊದಲ ಆ ಚಿಕ್ಕ ಹಾರಾಟ ತಡವಾಗಿ ಮುಂದಿನದು ತಪ್ಪಿ, ಬೆಂಗಳೂರಿಗೆ ನಾಲ್ಕು ಗಂಟೆಗಿಂತ ತಡವಾಗಿ ಬಂದರೆ ಲೆಕ್ಕ 350 ಕಿಲೋಮೀಟರ್‌ನದ್ದಲ್ಲ. ಪ್ಯಾರಿಸ್‌ನಿಂದ ಬೆಂಗಳೂರಿಗೆ ಏಳು ಸಾವಿರ ಕಿಲೋಮೀಟರ್‌ಗೂ ಹೆಚ್ಚು, ಆದ್ದರಿಂದ 600 ಯೂರೋ. ಒಕ್ಕೂಟದ ದೇಶಗಳಿಂದ ಹೊರಡುವಾಗ ಯಾವ ದೇಶದ ಕಂಪೆನಿಯಾದರೂ ಈ ನಿಯಮ ಅನ್ವಯಿಸುತ್ತದೆ. ಇಲ್ಲಿಂದ ಅಲ್ಲಿಗೆ ಹೋಗುವಾಗ ಯುರೋಪಿನ ಕಂಪೆನಿಯಾಗಿದ್ದರೆ ಮಾತ್ರ. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೂ ಇದೇ ನಿಯಮವನ್ನು ಪೌಂಡ್ ಲೆಕ್ಕದಲ್ಲಿ ಉಳಿಸಿಕೊಂಡಿದೆ, 220, 350 ಮತ್ತು 520 ಪೌಂಡ್.

ಬಿರುಗಾಳಿ, ಹಿಮಪಾತದಂತಹ ಕಾರಣಗಳಿಗೆ ಈ ಹಣ ಸಿಗದು. ಆದರೂ ಊಟ ಮತ್ತು ರಾತ್ರಿ ತಂಗಲು ಹೋಟೆಲ್ ಕೊಡಲೇಬೇಕು. 2010ರ ಏಪ್ರಿಲ್‌ನಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ಆಕಾಶವೇ ಮುಚ್ಚಿದಾಗಲೂ ಆ ಹೊಣೆ ತಪ್ಪುವುದಿಲ್ಲ ಎಂದು ನ್ಯಾಯಾಲಯ ಹೇಳಿದೆ. ಚಿಕ್ಕ ಹಾರಾಟಕ್ಕೆ ಎರಡು ಗಂಟೆ ತಡವಾದರೆ ಊಟ ಕೇಳಬಹುದು, ದೂರದ ಹಾರಾಟಕ್ಕೆ ನಾಲ್ಕು ಗಂಟೆ. ಈ ನಿಯಮಗಳನ್ನು ಬದಲಾಯಿಸುವ ಮಾತುಕತೆ 2025ರಲ್ಲಿ ಜೋರಾಗಿ ನಡೆಯಿತು, ಆದ್ದರಿಂದ ಹೊರಡುವ ಮುನ್ನ ಆ ಹೊತ್ತಿನ ಮೊತ್ತಗಳನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಕಂಪೆನಿಗಳು ತಾವಾಗಿ ಕರೆದು ಕೊಡುವುದು ಕಡಿಮೆ, ಬರೆದು ಕೇಳಬೇಕು. ಕೇಳುವಾಗ ಬೋರ್ಡಿಂಗ್ ಪಾಸ್ ಕೈಯಲ್ಲಿದ್ದರೆ ಒಳ್ಳೆಯದು. ಇಳಿದ ಕೂಡಲೇ ಅದನ್ನು ಕಸದ ಬುಟ್ಟಿಗೆ ಹಾಕದೆ ಪಾಸ್‌ಪೋರ್ಟ್‌ನ ಚೀಲದಲ್ಲೇ ಇಟ್ಟುಕೊಳ್ಳಿ.